ಲಾವಾ ನಡುಗಡ್ಡೆಗೆ ಹೊರಟವರು ಎಲ್ಲಿ ಈಸಬೇಕು?

ದೀಪಾವಳಿ ಮುಗಿದು ಭತ್ತದ ಸುಗ್ಗಿ ಒಂದು ಹದಕ್ಕೆ ಬಂದಿತೆಂದರೆ ಖಾನಾಪುರ ತಾಲ್ಲೂಕಿನ ಶಾಲೆ ಕಾಲೇಜುಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಹಿಂದೆ ಬಾದಾಮಿ, ಐಹೊಳೆ, ಹಂಪಿ ಎನ್ನುತ್ತಿದ್ದವರು ಈಗ ಸಮುದ್ರ ಎನ್ನುತ್ತಾರೆ. ಅದರಲ್ಲೂ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಫೋಟೊಗಳು ಎಲ್ಲರ ಮೊಬೈಲಿಗೂ ಬಂದಿವೆ. ಕಂಬ ಕಂಬವಾಗಿ ಎದ್ದು ನಿಂತ ಕಪ್ಪು ಕಲ್ಲು, ಅದರ ಬುಡಕ್ಕೆ ನೀಲಿ ನೀರು. ಅದನ್ನು ನೋಡಿದ ಹುಡುಗರು ಕೇಳುವ ಮೊದಲ ಪ್ರಶ್ನೆ ಒಂದೇ: "ಸರ, ಅಲ್ಲಿ ಈಸಾಕ ಬರತೈತೇನ್ರಿ?"

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ದ್ವೀಪವನ್ನು ಕಣ್ತುಂಬ ನೋಡಿ ಬನ್ನಿ; ಈಸುವುದಕ್ಕೆ ಜೀವರಕ್ಷಕರು ಕಾಯುವ ಮರಳು ದಂಡೆಗೆ ಹೋಗಿ. ನೋಡುವ ಜಾಗ ಬೇರೆ, ನೀರಿಗಿಳಿಯುವ ಜಾಗ ಬೇರೆ ಎಂಬ ಈ ಒಂದು ಮಾತನ್ನು ಒಪ್ಪಿಕೊಂಡರೆ ಅರ್ಧ ಅಪಾಯ ಅಲ್ಲಿಗೇ ಕಳೆಯಿತು. ಆದರೆ ಹದಿನೇಳು ಹದಿನೆಂಟರ ಹುಡುಗನಿಗೆ ಬರೀ ಬೇಡ ಎಂದರೆ ಸಾಲದು, ಯಾಕೆ ಬೇಡ ಎಂದೂ ಹೇಳಬೇಕು. ಅದಕ್ಕಾಗಿ ಕಲ್ಲಿನಿಂದಲೇ ಶುರುಮಾಡೋಣ.

ಸೇಂಟ್ ಮೇರೀಸ್ ಎಂದರೆ ಒಂದೇ ದ್ವೀಪವಲ್ಲ. ಮಲ್ಪೆಯಿಂದ ಸುಮಾರು 6 ಕಿಲೋಮೀಟರ್ ಆಚೆ, ದಂಡೆಗೆ ಸಮಾನಾಂತರವಾಗಿ ಸಾಲಾಗಿ ನಿಂತ ನಡುಗಡ್ಡೆಗಳ ಗುಂಪು ಅದು. ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹಾದ್ದೂರ್‌ಗಡ, ದಕ್ಷಿಣ ದ್ವೀಪ ಎಂಬ ನಾಲ್ಕು ಅದರಲ್ಲಿ ಮುಖ್ಯವಾದವು. ಪ್ರವಾಸಿಗಳು ಇಳಿಯುವುದು ತೆಂಗಿನ ದ್ವೀಪದಲ್ಲಿ. ಉದ್ದ 500 ಮೀಟರ್, ಅಗಲ 100 ಮೀಟರ್ ಆಸುಪಾಸು. ಅರ್ಧ ಗಂಟೆಯಲ್ಲಿ ಇಡೀ ದ್ವೀಪ ಓಡಾಡಿಬಿಡಬಹುದು. 1498ರಲ್ಲಿ ವಾಸ್ಕೊ ಡ ಗಾಮ ಇಲ್ಲಿ ಇಳಿದು ಮೇರಿಮಾತೆಯ ಹೆಸರಿಟ್ಟ ಎಂಬ ಕಥೆ ಇದೆ. ಕಲ್ಲಿನ ಕಥೆ ಅದಕ್ಕಿಂತ ಎಷ್ಟೋ ಹಳೆಯದು.

ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಮತ್ತು ಭಾರತ ಒಂದಕ್ಕೊಂದು ಅಂಟಿಕೊಂಡಿದ್ದವು. ಅವು ಬೇರೆಯಾಗುವ ಕಾಲಕ್ಕೆ ನೆಲ ಸೀಳಿ ಉಕ್ಕಿದ ಲಾವಾ ಈ ದ್ವೀಪಗಳಾಗಿ ಉಳಿದಿದೆ. ದಪ್ಪನೆಯ ಲಾವಾ ನಿಧಾನವಾಗಿ ತಣ್ಣಗಾಗುವಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೆರೆಯ ತಳದ ಕೆಸರು ಒಣಗಿ ಹೇಗೆ ಐದಾರು ಮೂಲೆಯ ಹೆಂಟೆಗಳಾಗಿ ಬಿರಿಯುತ್ತದೋ ಹಾಗೆ ಕುಗ್ಗಿದ ಲಾವಾ ಬಿರಿಯುತ್ತದೆ. ಬಿರುಕು ಮೇಲಿನಿಂದ ಕೆಳಕ್ಕೆ ಇಳಿಯುತ್ತ ಹೋಗಿ ಇಡೀ ಬಂಡೆ ಕಂಬಗಳಾಗಿ ಒಡೆಯುತ್ತದೆ. ಈ ಕಂಬಗಳಿಗಾಗಿಯೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಈ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಬೆಂಕಿಯ ಬಾಯಿ ಅಲ್ಲಿ ಈಗ ಎಲ್ಲೂ ಇಲ್ಲ. ಜ್ವಾಲಾಮುಖಿ ಎಂಬ ಹೆಸರು ಕೇಳಿ ಹೆದರುವ ಅಜ್ಜಿಯರಿಗೆ ಧೈರ್ಯ ಹೇಳಿ.

ಬೆಳಗಾವಿಯವರಿಗೆ ಲಾವಾ ಹೊಸದೇನಲ್ಲ. ನಮ್ಮ ನಗರ ಕೂತಿರುವುದೇ ದಖನ್ ಟ್ರ್ಯಾಪ್ ಎಂಬ ಲಾವಾ ಹಾಸಿನ ದಕ್ಷಿಣದ ಅಂಚಿನಲ್ಲಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರದ ಮೇಲೆ ಪದರವಾಗಿ ಹರಿದು ಹೆಪ್ಪುಗಟ್ಟಿದ ಕರಿಕಲ್ಲು ಅದು. ಅದೇ ಕಲ್ಲು ಸವೆದು ಸವೆದು ನಮ್ಮ ಎರೆಮಣ್ಣಾಗಿದೆ. ದ್ವೀಪದ ಲಾವಾ ಇದಕ್ಕಿಂತ ಹಳೆಯದು, ಸಿಲಿಕಾ ಹೆಚ್ಚಿರುವ ಬೇರೆ ಜಾತಿಯದು. ಮಕ್ಕಳನ್ನು ಕರೆದೊಯ್ಯುವ ವಿಜ್ಞಾನದ ಮಾಸ್ತರು ಹೊರಡುವ ಮುಂಚೆ ಊರಿನ ಒಂದು ಕರಿಕಲ್ಲಿನ ಚೂರನ್ನು ಎಲ್ಲರ ಕೈಗೂ ಕೊಟ್ಟು ನೋಡಿಸಲಿ. ಅಲ್ಲಿ ಹೋದಾಗ ಎರಡೂ ಕಲ್ಲಿನ ವ್ಯತ್ಯಾಸ ತಾನೇ ಕಾಣುತ್ತದೆ. ದ್ವೀಪದಿಂದ ಮಾತ್ರ ಏನನ್ನೂ ಎತ್ತಿಕೊಂಡು ಬರಬಾರದು.

ಈಗ ನೀರಿನ ಮಾತು. ಮರಳಿನ ದಂಡೆ ಇಳಿಜಾರಾಗಿರುತ್ತದೆ. ಅಲೆ ದೂರದಲ್ಲೇ ತಳ ತಾಗಿ, ಎದ್ದು, ಮುರಿದು, ನೊರೆಯಾಗಿ, ಸುಸ್ತಾಗಿ ನಿಮ್ಮ ಕಾಲಿಗೆ ಬರುತ್ತದೆ. ಲಾವಾ ಬಂಡೆಯ ಅಂಚು ಹಾಗಿಲ್ಲ. ಅಲ್ಲಿ ಕಲ್ಲು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ನಿಂತಿರುತ್ತದೆ. ಒಂದು ಹೆಜ್ಜೆಗೆ ಮೊಣಕಾಲುದ್ದ, ಮುಂದಿನ ಹೆಜ್ಜೆಗೆ ತಲೆಯ ಮೇಲೆ ನೀರು. ಅಲೆಗೆ ಸುಸ್ತಾಗಲು ಜಾಗವೇ ಇಲ್ಲ. ತನ್ನ ಪೂರ್ತಿ ಬಲದೊಂದಿಗೆ ಬಂದು ಕಲ್ಲಿಗೆ ಬಡಿಯುತ್ತದೆ, ಅದೇ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಆ ಎಳೆತದಲ್ಲಿ ಸಿಕ್ಕವನು ಕಂಬಗಳ ಚೂಪು ಅಂಚಿಗೆ ಉಜ್ಜಿಕೊಂಡೇ ಹೋಗುತ್ತಾನೆ, ಮುಂದಿನ ಅಲೆ ಅವನನ್ನು ಎತ್ತಿ ಮತ್ತೆ ಅದೇ ಕಲ್ಲಿಗೆ ಹಾಕುತ್ತದೆ. ನೀರು ಸದಾ ತಾಗುವ ಕಲ್ಲಿನ ಮೇಲೆ ತೆಳ್ಳಗೆ ಪಾಚಿ ಹಬ್ಬಿರುತ್ತದೆ, ಒಣಗಿದಾಗ ಅದು ಕಣ್ಣಿಗೂ ಬೀಳದು. ಚಿಪ್ಪುಗಳು ಕಲ್ಲಿಗೆ ಅಂಟಿಕೊಂಡಿದ್ದು, ಬರಿಗಾಲಿಟ್ಟರೆ ಬ್ಲೇಡಿನಷ್ಟೇ ಸಲೀಸಾಗಿ ಕೊಯ್ಯುತ್ತವೆ.

ದ್ವೀಪದ ಪಶ್ಚಿಮದ ಅಂಚಿನಲ್ಲಿ, ಅಲೆಗೆ ಸಿಗದಷ್ಟು ಹಿಂದೆ ಎತ್ತರದಲ್ಲಿ ಕೂತು, ಒಂದು ಕಂಬದ ತಲೆಯನ್ನು ಗುರುತಿಟ್ಟುಕೊಂಡು ನೋಡಿ. ಅಲೆ ಬರುತ್ತದೆ, ಕಂಬದ ಬುಡ ತೋಯುತ್ತದೆ, ಹೋಗುತ್ತದೆ. ಇನ್ನೊಂದು, ಮತ್ತೊಂದು. ಐದಾರು ನಿಮಿಷ ಅಷ್ಟೇ ಆಟ. ತಲೆ ಒಣಗಿಯೇ ಇರುವುದರಿಂದ ಅದು ನಿಲ್ಲಲು ಒಳ್ಳೆಯ ಜಾಗ ಎಂದೇ ಯಾರಿಗಾದರೂ ಅನ್ನಿಸುತ್ತದೆ. ಅಷ್ಟರಲ್ಲಿ ದೂರದಲ್ಲಿ ಒಂದು ಅಲೆ ಉಳಿದವಕ್ಕಿಂತ ಸ್ವಲ್ಪ ಎತ್ತರವಾಗಿ, ಸದ್ದಿಲ್ಲದೆ ಬರುತ್ತದೆ. ಅದು ಕಂಬದ ತಲೆಯನ್ನು ಪೂರ್ತಿ ಮುಳುಗಿಸಿ, ಹಿಂದಿನ ಎರಡು ಸಾಲು ಕಂಬಗಳ ಮೇಲೆ ಹರಿದು, ಬಿರುಕುಗಳಲ್ಲಿ ಗುಳುಗುಳು ಎನ್ನುತ್ತ ಇಳಿದುಹೋಗುತ್ತದೆ. ಅದರ ಬೆನ್ನಿಗೇ ಅಂಥವೇ ಇನ್ನೆರಡು. ಆಮೇಲೆ ಮತ್ತೆ ಶಾಂತ. ಸಮುದ್ರದ ದೊಡ್ಡ ಅಲೆಗಳು ಹೀಗೆ ಗುಂಪಾಗಿ ಬರುತ್ತವೆ, ಎರಡು ಗುಂಪಿನ ನಡುವೆ ಹಲವು ನಿಮಿಷ ಬಿಡುವಿರುತ್ತದೆ. ಫೋಟೊಕ್ಕೆಂದು ಕಂಬದ ಮೇಲೆ ನಿಲ್ಲುವವರು ನೋಡುವುದು ಆ ಬಿಡುವನ್ನು ಮಾತ್ರ. 2022ರ ಏಪ್ರಿಲ್‌ನಲ್ಲಿ ಕೇರಳದ ಕಾಲೇಜೊಂದರಿಂದ ಬಂದಿದ್ದ ಮೂವರು ವಿದ್ಯಾರ್ಥಿಗಳು ಇದೇ ದ್ವೀಪದ ಬಳಿ ನೀರುಪಾಲಾದರು. "ಕಲ್ಲಿನ ತುದಿಗೆ ಹೋಗ್ಬೇಡಿ ಮಾರಾಯ್ರೆ" ಎಂದು ದೋಣಿಯವರು ಕೂಗಿದರೆ ಅದನ್ನು ಗದರಿಕೆ ಎಂದು ತಿಳಿಯಬೇಡಿ. ದಿನಾ ಆ ನೀರನ್ನು ನೋಡುವವರ ಮಾತು ಅದು.

ಹಾಗಾದರೆ ದ್ವೀಪದ ಪೂರ್ವದ ಬದಿ, ಅಂದರೆ ಮಲ್ಪೆಯ ಕಡೆ ಮುಖ ಮಾಡಿದ ಬದಿ ಹೇಗೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಯಾವ ದ್ವೀಪಕ್ಕೆ ಹೋದರೂ ಗಾಳಿ ಮತ್ತು ಅಲೆ ಯಾವ ಕಡೆಯಿಂದ ಬರುತ್ತವೆ ಎಂದು ಮೊದಲು ನೋಡಬೇಕು, ದ್ವೀಪದ ಮೈ ಅಡ್ಡ ಬಂದು ತಡೆಯುವ ಮರೆಯ ಬದಿಯಲ್ಲಿ ನೀರು ಶಾಂತವಾಗಿರುತ್ತದೆ. ಅರಬ್ಬಿ ಸಮುದ್ರದ ಅಲೆಗಳು ಇಲ್ಲಿಗೆ ಪಶ್ಚಿಮ, ನೈಋತ್ಯದ ಕಡೆಯಿಂದ ಬರುವುದರಿಂದ ಪೂರ್ವದ ಬದಿಯೇ ಮರೆ. ಆದರೆ ಇಷ್ಟು ಪುಟ್ಟ ದ್ವೀಪದಲ್ಲಿ ಅಲೆ ಎರಡೂ ತುದಿಗಳನ್ನು ಸುತ್ತಿ ಬರುತ್ತದೆ, ನಡುಗಡ್ಡೆಗಳ ನಡುವಿನ ಸಂದಿಗಳಲ್ಲಿ ನೀರು ಓಡುತ್ತದೆ. ಪ್ರವಾಸಿಗಳನ್ನು ಇಳಿಸಿ ಹತ್ತಿಸಿಕೊಳ್ಳುವ ದೋಣಿಗಳ ಓಡಾಟ ಬೇರೆ. ನೀರಿನಲ್ಲಿರುವ ತಲೆ ದೋಣಿ ನಡೆಸುವವನ ಕಣ್ಣಿಗೆ ಬೀಳುವುದು ಕಷ್ಟ. ಹೀಗೆ ಎರಡೂ ಬದಿ ಈಸಿಗೆ ಒದಗುವುದಿಲ್ಲ. ಕಾವಲಿನವರು ಹಗ್ಗ ಕಟ್ಟಿ ಗುರುತು ಮಾಡಿದ ಜಾಗವಿದ್ದರೆ ಅಲ್ಲಿ ಕಾಲು ತೋಯಿಸಿಕೊಂಡು ಬಂದರೆ ಸಾಕು.

ನಮ್ಮ ತಾಲ್ಲೂಕಿನ ಹುಡುಗರ ಬಗ್ಗೆ ನನಗಿರುವ ಆತಂಕ ಒಂದಿದೆ. ಕಣಕುಂಬಿಯಲ್ಲಿ ಹುಟ್ಟಿ ಬರುವ ಮಲಪ್ರಭೆ ನಮ್ಮ ಊರಿನ ಪಕ್ಕದಲ್ಲೇ ಹರಿಯುತ್ತಾಳೆ. ಹೊಳೆಯಲ್ಲಿ, ಹೊಲದ ಬಾವಿಯಲ್ಲಿ ಸೊಂಟಕ್ಕೆ ಡಬ್ಬ ಕಟ್ಟಿಕೊಂಡು ಈಸು ಕಲಿತವರು ನಾವು. ಆ ಈಸು ಸುಳ್ಳಲ್ಲ, ಆದರೆ ಸಮುದ್ರದಲ್ಲಿ ಅದು ಅರ್ಧ ವಿದ್ಯೆ. ಬಾವಿಯಲ್ಲಿ ನಾಲ್ಕು ಕೈ ಹೊಡೆದರೆ ಗೋಡೆ ಸಿಗುತ್ತದೆ. ಹೊಳೆಯ ಸೆಳವು ಒಂದೇ ದಿಕ್ಕಿಗೆ, ಕೆಳಕ್ಕೆ ಹೋಗುತ್ತದೆ. ಸ್ವಲ್ಪ ಕೆಳಗೆ ಹೋಗಿಯಾದರೂ ದಂಡೆ ಹಿಡಿಯಬಹುದು. ಸಮುದ್ರದ ಸೆಳವು ದಂಡೆಯಿಂದ ಆಚೆಗೆ ಒಯ್ಯುತ್ತದೆ, ಆಚೆ ಬೇರೊಂದು ದಂಡೆ ಇಲ್ಲ. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಎರಡೂವರೆ ಪ್ರತಿಶತ ಭಾರವಾದ್ದರಿಂದ ಮೈ ತುಸು ಹೆಚ್ಚು ತೇಲುತ್ತದೆ, ಅದು ನಿಜ. ಆ ಹಗುರಾದ ಅನುಭವವೇ ಹೊಸಬರಿಗೆ ಇಲ್ಲದ ಧೈರ್ಯ ಕೊಡುತ್ತದೆ. 2017ರ ಏಪ್ರಿಲ್‌ನಲ್ಲಿ ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜೊಂದರಿಂದ ಮಾಲವಣಕ್ಕೆ ಹೋಗಿದ್ದ ಗುಂಪಿನ ಎಂಟು ಮಂದಿ ಅಲ್ಲಿನ ವಾಯರಿ ದಂಡೆಯಲ್ಲಿ ಮುಳುಗಿ ಸತ್ತರು. ಈ ಲೇಖನ ಬರೆಯುವಾಗ ನನ್ನ ಮನಸ್ಸಿನಲ್ಲಿ ಇರುವುದು ಆ ಮನೆಗಳು.

ಹೆಚ್ಚಿನ ಸಾವುಗಳಿಗೆ ಕಾರಣ ದಂಡೆಯಿಂದ ಆಚೆಗೆ ಓಡುವ ಈ ಸೆಳವೇ. ಅದು ಹುಟ್ಟುವ ಬಗೆ ಕಷ್ಟದ್ದೇನಲ್ಲ. ಅಲೆಗಳು ಸತತವಾಗಿ ನೀರನ್ನು ದಂಡೆಗೆ ತಂದು ಹಾಕುತ್ತವೆ. ಆ ನೀರು ವಾಪಸು ಹೋಗಲೇಬೇಕು. ಮರಳಿನ ದಿಬ್ಬಗಳ ನಡುವೆ ಎಲ್ಲಾದರೂ ತಗ್ಗು ಇದ್ದರೆ, ಅಥವಾ ಬಂಡೆಯ ಪಕ್ಕದಲ್ಲಿ ಆಳದ ಓಣಿ ಇದ್ದರೆ, ಎಲ್ಲ ನೀರೂ ಅಲ್ಲಿಗೆ ಸರಿದು ಒಟ್ಟಾಗಿ ಆಚೆಗೆ ನುಗ್ಗುತ್ತದೆ. ಹಳ್ಳ ಸಮುದ್ರ ಸೇರುವ ಬಾಯಲ್ಲಿ, ಬಂಡೆಯ ಮಗ್ಗುಲಲ್ಲಿ, ಜೆಟ್ಟಿಯ ಪಕ್ಕದಲ್ಲಿ ಇದು ಹೆಚ್ಚು. ಬಹಳಷ್ಟು ಸಲ ಇದರ ವೇಗ ಸೆಕೆಂಡಿಗೆ ಅರ್ಧ ಮೀಟರಿನಷ್ಟಿರುತ್ತದೆ. ಜೋರಾದರೆ ಎರಡು ಮೀಟರನ್ನೂ ಮೀರುತ್ತದೆ. ಅಷ್ಟು ವೇಗವಾಗಿ ಜಗತ್ತಿನ ದೊಡ್ಡ ಈಜುಗಾರರೂ ಹೆಚ್ಚು ಹೊತ್ತು ಈಜಲಾರರು.

ನೀರಿಗಿಳಿಯುವ ಮುಂಚೆ ಇದನ್ನು ಗುರುತಿಸಲು ಕಲಿಯಬೇಕು. ಬಸ್ಸು ಇಳಿದ ಕೂಡಲೆ ಓಡಬೇಡಿ. ದಂಡೆಯ ಹಿಂದೆ ಸ್ವಲ್ಪ ಎತ್ತರದಲ್ಲಿ ನಿಂತು ಹದಿನೈದು ನಿಮಿಷ ನೀರನ್ನೇ ನೋಡಿ. ಅಲೆ ಎಲ್ಲೆಲ್ಲಿ ಬಿಳಿಯಾಗಿ ಮುರಿಯುತ್ತದೆ? ಆ ಬಿಳಿ ಸಾಲಿನಲ್ಲಿ ಎಲ್ಲಾದರೂ ಮುರಿಯದ ಸಂದಿ ಇದೆಯೇ? ಅಲ್ಲಿ ನೀರಿನ ಬಣ್ಣ ಪಕ್ಕಕ್ಕಿಂತ ಗಾಢವಾಗಿದೆಯೇ, ಅಥವಾ ಮರಳು ಕಲಕಿ ಕೆಂಪಾಗಿದೆಯೇ? ನೊರೆ, ಎಲೆ, ಕಸ ದಂಡೆಗೆ ಬರುವ ಬದಲು ಆಚೆಗೆ ತೇಲಿ ಹೋಗುತ್ತಿದೆಯೇ? ಇವುಗಳಲ್ಲಿ ಒಂದಕ್ಕೆ ಹೌದು ಎಂದಾದರೂ ಆ ಜಾಗ ಬಿಡಬೇಕು. ದುಃಖದ ಸಂಗತಿ ಏನೆಂದರೆ, ಸಮುದ್ರ ಅರಿಯದವರ ಕಣ್ಣಿಗೆ ಅಲೆ ಇಲ್ಲದ ಆ ಸಂದಿಯೇ ಇಡೀ ದಂಡೆಯಲ್ಲಿ ಪ್ರಶಾಂತವಾದ ಜಾಗವಾಗಿ ಕಾಣುತ್ತದೆ. ತಾಯಂದಿರು ಮಕ್ಕಳ ಕೈ ಹಿಡಿದು ಅಲ್ಲಿಗೇ ಹೋಗುತ್ತಾರೆ.

ಸೆಳವಿಗೆ ಸಿಕ್ಕರೆ ಏನು ಮಾಡಬೇಕು ಎಂಬುದನ್ನು ಪ್ರವಾಸದ ಹಿಂದಿನ ದಿನ ತರಗತಿಯಲ್ಲೇ ಬಾಯಿಪಾಠ ಮಾಡಿಸಬೇಕು. ದಂಡೆಯ ಕಡೆ ಮುಖ ಮಾಡಿ ಸೆಳವಿನ ಎದುರು ಈಸಬಾರದು. ಬಲ ಇಂಗಿ ಮುಳುಗುವುದು ಹಾಗೆಯೇ. ಸೆಳವು ಆಚೆಗೆ ಒಯ್ಯುತ್ತದೆಯೇ ಹೊರತು ಕೆಳಗೆ ಎಳೆಯುವುದಿಲ್ಲ. ಅಂಗಾತ ತೇಲಿ, ಉಸಿರು ಹಿಡಿತಕ್ಕೆ ತಂದುಕೊಂಡು, ಒಂದು ಕೈ ಎತ್ತಿ ಸಹಾಯಕ್ಕೆ ಕೂಗಬೇಕು. ಬಲವಿದ್ದರೆ ದಂಡೆಗೆ ಸಮಾನಾಂತರವಾಗಿ ಎಡಕ್ಕೋ ಬಲಕ್ಕೋ ಈಸಿ ಆ ಓಣಿಯಿಂದ ಹೊರಬರಬೇಕು. ಅಲೆ ಮುರಿಯುವ ಜಾಗ ಸಿಕ್ಕಿತೆಂದರೆ ಅಲೆಯೇ ದಂಡೆಗೆ ತರುತ್ತದೆ. ಅಂಗಾತ ಐದು ನಿಮಿಷ ತೇಲಲು ಬಾರದವರು ಸಮುದ್ರದಲ್ಲಿ ಸೊಂಟದ ಮೇಲೆ ನೀರಿಗೆ ಹೋಗಬಾರದು ಎಂದು ನಾನು ಹೇಳುತ್ತ ಬಂದಿದ್ದೇನೆ. ತೇಲುವುದನ್ನು ಬೆಳಗಾವಿಯ ಈಜುಕೊಳದಲ್ಲೇ ಕಲಿತುಕೊಳ್ಳಬಹುದು.

ಜಾಗದಷ್ಟೇ ಮುಖ್ಯವಾದದ್ದು ದಿನ ಮತ್ತು ಹೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಸಮುದ್ರ ಈಸಲು ಸಲ್ಲದು, ದ್ವೀಪಕ್ಕೆ ದೋಣಿಯೂ ಹೋಗುವುದಿಲ್ಲ. ಮಳೆ ನಿಂತ ಮೇಲೂ ಕೆಲವು ವಾರ ಮರಳು ತನ್ನ ಹಳೆಯ ಜಾಗಕ್ಕೆ ಬಂದಿರುವುದಿಲ್ಲ, ದಂಡೆ ಕಡಿದಾಗಿರುತ್ತದೆ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಬೆಳಿಗ್ಗೆ ಗಾಳಿ ಕಡಿಮೆ. ನೆಲ ಕಾದಂತೆ ಮಧ್ಯಾಹ್ನದಿಂದ ಸಮುದ್ರದ ಗಾಳಿ ಏಳುತ್ತದೆ, ಅಲೆ ಒರಟಾಗುತ್ತದೆ. ಹಾಗಾಗಿ ಈಸುವವರು ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳುವುದು ವಾಸಿ. ಉಬ್ಬರ ಇಳಿತ ದಿನಕ್ಕೆ ಎರಡೆರಡು ಸಲ, ಒಂದು ಉಬ್ಬರದಿಂದ ಇನ್ನೊಂದಕ್ಕೆ ಹನ್ನೆರಡೂವರೆ ಗಂಟೆಯ ಹತ್ತಿರ ಅಂತರ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರಿನ ಏರಿಳಿತ ಹೆಚ್ಚು. ಮನೆಯ ಕ್ಯಾಲೆಂಡರ್ ನೋಡಿದರೂ ಅಷ್ಟು ತಿಳಿಯುತ್ತದೆ. ಇಳಿತದ ಹೊತ್ತಿನಲ್ಲಿ ಮರಳಿನ ತಗ್ಗುಗಳ ಸೆಳವು ಬಿರುಸಾಗುವುದು ಸಾಮಾನ್ಯ. ಇಳಿತದಲ್ಲಿ ನಡೆದು ತಲುಪಿದ ಬಂಡೆ ಉಬ್ಬರದಲ್ಲಿ ನಡುಗಡ್ಡೆಯಾಗಿಬಿಡುತ್ತದೆ.

ಇನ್ನೊಂದು ಸಂಗತಿ ನಮ್ಮ ಕಡೆಯವರಿಗೆ ಅಷ್ಟಾಗಿ ಗೊತ್ತಿಲ್ಲ. ಸಾವಿರಾರು ಕಿಲೋಮೀಟರ್ ಆಚೆ, ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ ಎದ್ದ ಬಿರುಗಾಳಿಯ ಅಲೆಗಳು ಕೆಲವು ದಿನಗಳ ಮೇಲೆ ನಮ್ಮ ಕರಾವಳಿಗೆ ಬಂದು ಮುಟ್ಟುತ್ತವೆ. ಇಲ್ಲಿ ಗಾಳಿ ಇಲ್ಲ, ಮೋಡ ಇಲ್ಲ, ಬಿಸಿಲು ಚೆನ್ನಾಗಿದೆ. ಆದರೂ ಸಮುದ್ರ ಇದ್ದಕ್ಕಿದ್ದಂತೆ ಉಕ್ಕುತ್ತದೆ. ಕೇರಳದವರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಏಪ್ರಿಲ್, ಮೇ ತಿಂಗಳ ರಜೆಯಲ್ಲೇ ಇದರ ಕಾಟ ಹೆಚ್ಚು. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯಿಸ್, ಅಲೆಯ ಎತ್ತರ ಮತ್ತು ಇಂಥ ಉಕ್ಕಿನ ಮುನ್ಸೂಚನೆಯನ್ನು ಜಿಲ್ಲೆವಾರು ಕೊಡುತ್ತದೆ. ಹೊರಡುವ ಹಿಂದಿನ ದಿನ ಅದನ್ನು ನೋಡಿಕೊಳ್ಳುವುದು ಪ್ರವಾಸದ ಮುಖ್ಯಸ್ಥರ ಕೆಲಸ.

ಇನ್ನು ಎಲ್ಲಿಗೆ ಹೋಗಬೇಕು ಎಂಬ ವಿಚಾರ. ದ್ವೀಪಕ್ಕೆ ಹೋದವರಿಗೆ ಮಲ್ಪೆಯ ದಂಡೆಯೇ ಹತ್ತಿರ. ಉದ್ದನೆಯ ಮರಳು, ಜನ ಸಂಚಾರ, ಜೀವರಕ್ಷಕರು ಇರುವ ಜಾಗ. ಆದರೆ ಬಂದರಿನ ಬಾಯಿಯ ಕಡೆಗೂ ಜಲಕ್ರೀಡೆಯ ದೋಣಿಗಳು ತಿರುಗುವ ಕಡೆಗೂ ಹೋಗಬೇಡಿ. ಅಲ್ಲಿಂದ ದಕ್ಷಿಣಕ್ಕೆ ಪಡುಬಿದ್ರಿ, ಬರುವ ದಾರಿಯಲ್ಲಿ ಹೊನ್ನಾವರದ ಕಾಸರಕೋಡು. ಈ ಎರಡು ದಂಡೆಗಳಿಗೆ 2020ರ ಅಕ್ಟೋಬರಿನಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಆ ಸಲ ದೇಶದಲ್ಲಿ ಮಾನ್ಯತೆ ಪಡೆದ ಎಂಟರಲ್ಲಿ ಎರಡು ನಮ್ಮ ರಾಜ್ಯದವು. ನೀರಿನ ಶುದ್ಧತೆ, ಸುರಕ್ಷತೆ, ಶೌಚಾಲಯ ಎಲ್ಲ ಸೇರಿ 33 ಮಾನದಂಡಗಳನ್ನು ನೋಡಿ ಡೆನ್ಮಾರ್ಕಿನ ಸಂಸ್ಥೆ ಇದನ್ನು ಕೊಡುತ್ತದೆ, ವರ್ಷ ವರ್ಷವೂ ಹೊಸದಾಗಿ ಪಡೆಯಬೇಕು. ಸಮುದ್ರ ಮೊದಲ ಸಲ ನೋಡುವ ಮಕ್ಕಳ ಗುಂಪಿಗೆ ನಾನು ಮೊದಲು ಹೇಳುವುದು ಇಂಥ ದಂಡೆಗಳನ್ನೇ; ಈಸುವ ಜಾಗದ ಗಡಿ ಅಲ್ಲಿ ಗುರುತಾಗಿರುತ್ತದೆ.

ಗೋಕರ್ಣದ ಓಂ ದಂಡೆ, ಕುಡ್ಲೆ ದಂಡೆಗಳ ಚೆಲುವಿಗೆ ಸಾಟಿಯಿಲ್ಲ. ಎರಡೂ ತುದಿಗೆ ಬಂಡೆ, ನಡುವೆ ಮರಳು. ಬಂಡೆಯ ಮಗ್ಗುಲಿನ ಸೆಳವಿನ ಬಗ್ಗೆ ಮೇಲೆ ಹೇಳಿದ್ದೆಲ್ಲ ಅಲ್ಲಿಗೆ ಅನ್ವಯಿಸುತ್ತದೆ. ಈಸುವುದಿದ್ದರೆ ನಡುಭಾಗದಲ್ಲಿ, ಕಾವಲಿನವರ ಕಣ್ಣೆದುರು. ಮುರ್ಡೇಶ್ವರದಲ್ಲಿ 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಸಮುದ್ರ ಒಳ್ಳೆಯದೆನ್ನುವ ಚಳಿಗಾಲದಲ್ಲೇ ಅದು ಆಯಿತು. ಕಾರವಾರದಲ್ಲಿ ಕೊಲ್ಲಿಯ ಎದುರಿಗಿರುವ ದ್ವೀಪಗಳು ಅಲೆಯನ್ನು ಅಷ್ಟಿಷ್ಟು ತಡೆಯುತ್ತವೆ, ರವೀಂದ್ರನಾಥ ಟಾಗೋರ್ ಹೆಸರಿನ ದಂಡೆ ಊರಿನ ಮಗ್ಗುಲಲ್ಲೇ ಇದೆ.

ನಮಗೆ ಹತ್ತಿರದ ಸಮುದ್ರ ಎಂದರೆ ಗೋವಾ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೂ ಆಯಿತು, ಲೋಂಡಾ ಮೇಲೆ ಅನಮೋಡ ಘಾಟ್ ಇಳಿದರೂ ಆಯಿತು. ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಅಲ್ಲಿ 2008ರಿಂದ ದೃಷ್ಟಿ ಸಂಸ್ಥೆಯ ಜೀವರಕ್ಷಕರಿದ್ದಾರೆ. ಕೆಂಪು ಹಳದಿ ಪಟ್ಟಿಯ ಎರಡು ಬಾವುಟ ನೆಟ್ಟಿದ್ದರೆ ಅವುಗಳ ನಡುವೆ ಮಾತ್ರ ಈಸಬೇಕು, ಪೂರ್ತಿ ಕೆಂಪು ಬಾವುಟವಿದ್ದರೆ ಇಳಿಯಲೇಬಾರದು. ಒಂದು ದಿನಕ್ಕೆ ಹೋಗುವವರ ಅಪಾಯ ಗಡಿಬಿಡಿಯದು. ಊಟ ಮುಗಿಸಿ, ಕೆಲವರು ಕುಡಿದು, ಸೂರ್ಯ ಮುಳುಗುವ ಹೊತ್ತಿಗೆ, ಜೀವರಕ್ಷಕರು ಹೊರಡುವ ಸಮಯಕ್ಕೆ ನೀರಿಗಿಳಿಯುತ್ತಾರೆ. ಕುಡಿದವರನ್ನು ನೀರಿನ ಹತ್ತಿರಕ್ಕೂ ಬಿಡಬಾರದು. ಈ ವಿಷಯದಲ್ಲಿ ದಾಕ್ಷಿಣ್ಯ ಮಾಡಬೇಡಿ, ಗೆಳೆತನ ಕೆಟ್ಟರೂ ಪರವಾಗಿಲ್ಲ.

ಈಗ ಬೆಳಗಾವಿಯಿಂದ ಮಧುಚಂದ್ರಕ್ಕೆಂದು ಬಾಲಿ, ಮಾರಿಷಸ್ ಕಡೆ ಹೋಗುವವರೂ ಇದ್ದಾರೆ. ಅವು ದೊಡ್ಡ ಜ್ವಾಲಾಮುಖಿ ದ್ವೀಪಗಳು, ಆದರೆ ಆಯ್ಕೆಯ ಲೆಕ್ಕ ಇದೇ. ಮಾರಿಷಸ್ಸಿನ ಸುತ್ತ ಬಹುಪಾಲು ಹವಳದ ದಿಬ್ಬವಿದೆ. ಅಲೆ ಅದಕ್ಕೆ ತಾಗಿ ಮುರಿದು ಒಳಗಿನ ನೀರು ಶಾಂತವಾಗಿರುತ್ತದೆ. ದಕ್ಷಿಣದ ಗ್ರಿ ಗ್ರಿ ಎಂಬಲ್ಲಿ ದಿಬ್ಬ ಕಡಿದಿದೆ, ಸಮುದ್ರ ನೇರವಾಗಿ ಕಪ್ಪು ಬಂಡೆಗೆ ಅಪ್ಪಳಿಸುತ್ತದೆ. ಅದು ನೋಡುವ ಜಾಗ. ಬಾಲಿಯಲ್ಲಿ ಸನೂರ್ ದಂಡೆಗೆ ಹವಳದ ಮರೆಯಿದೆ, ಕುಟಾ ದಂಡೆಗೆ ಇಲ್ಲ, ಸೆಳವಿಗೆ ಅದು ಹೆಸರಾದದ್ದು. ಹವಾಯಿಯ ಉತ್ತರದ ದಂಡೆಗಳಲ್ಲಿ ಬೇಸಿಗೆಯಲ್ಲಿ ಮಕ್ಕಳು ಆಡುತ್ತಾರೆ, ಚಳಿಗಾಲದಲ್ಲಿ ಅದೇ ಜಾಗಕ್ಕೆ ಮನೆಯೆತ್ತರದ ಅಲೆ ಬರುತ್ತದೆ. ರಿಯೂನಿಯನ್ ದ್ವೀಪದಲ್ಲಿ ಶಾರ್ಕ್ ದಾಳಿಗಳ ನಂತರ, 2013ರಿಂದ, ಹವಳದ ಒಳನೀರು ಮತ್ತು ಕಾವಲಿರುವ ಜಾಗ ಬಿಟ್ಟು ಬೇರೆಡೆ ಈಸುವುದನ್ನು ಸರ್ಕಾರವೇ ತಡೆದಿದೆ. ಕಪ್ಪು ಮರಳಿನ ದಂಡೆಗೆ ಹೋದರೆ ಚಪ್ಪಲಿ ಬಿಡಬೇಡಿ, ಮಧ್ಯಾಹ್ನದ ಬಿಸಿಲಿಗೆ ಅದು ಕಾಲು ಸುಡುತ್ತದೆ. ನಮ್ಮ ದೇಶದ ಜೀವಂತ ಜ್ವಾಲಾಮುಖಿ ಇರುವ ಅಂಡಮಾನಿನ ಬ್ಯಾರನ್ ದ್ವೀಪದಲ್ಲಂತೂ ಪ್ರವಾಸಿಗಳು ಇಳಿಯುವಂತಿಲ್ಲ, ಹಡಗಿನಿಂದಲೇ ನೋಡಬೇಕು.

ಗುಂಪು ಕರೆದೊಯ್ಯುವವರಿಗೆ ಇನ್ನೆರಡು ಮಾತು. ಮಕ್ಕಳು ನೀರಿನಲ್ಲಿರುವಾಗ ದೊಡ್ಡವರಲ್ಲಿ ಒಬ್ಬರಾದರೂ ನೀರಿಗಿಳಿಯದೆ, ಮೊಬೈಲ್ ನೋಡದೆ, ತಲೆ ಎಣಿಸುತ್ತ ನಿಲ್ಲಬೇಕು. ಅರ್ಧ ಗಂಟೆಗೊಮ್ಮೆ ಸರದಿ ಬದಲಿಸಿ. ಮುಳುಗುವವರು ಸಿನಿಮಾದಲ್ಲಿ ತೋರಿಸುವ ಹಾಗೆ ಕೂಗುವುದು ಕಡಿಮೆ; ಬಾಯಿ ನೀರಿನ ಮಟ್ಟಕ್ಕೆ ಬಂದಾಗ ಉಸಿರಿಗೇ ತತ್ವಾರ. ಸೀರೆ, ದುಪಟ್ಟಾ, ಜೀನ್ಸ್ ತೊಟ್ಟು ಮೊಣಕಾಲಿಗಿಂತ ಆಳಕ್ಕೆ ಹೋಗಬಾರದು, ತೊಯ್ದ ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಒಬ್ಬರು ಮುಳುಗುತ್ತಿದ್ದರೆ ಉಳಿದವರು ಹಿಂದೆಯೇ ಹಾರಬಾರದು, ಒಂದು ಸಾವು ಮೂರಾಗುವುದು ಹಾಗೆ. ಮುಚ್ಚಳ ಬಿಗಿದ ಖಾಲಿ ಕ್ಯಾನು, ಚೆಂಡು, ಹಗ್ಗ, ತೇಲುವ ಏನನ್ನಾದರೂ ಅವರತ್ತ ಎಸೆದು ಜೀವರಕ್ಷಕರನ್ನು ಕೂಗಿ; 112ಕ್ಕೆ ಅಥವಾ ಕರಾವಳಿ ಕಾವಲು ಪಡೆಯ 1554ಕ್ಕೆ ಕರೆ ಮಾಡಿ. ಹೊರತೆಗೆದವರನ್ನು ತಲೆಕೆಳಗಾಗಿ ಎತ್ತುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಅದರಿಂದ ಹೊಟ್ಟೆಯದ್ದು ಉಸಿರಿನ ಕೊಳವೆಗೆ ಹೋಗುತ್ತದೆ. ಉಸಿರು ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು, ಎದೆ ಒತ್ತುವುದು ಬೇಕು. ಇದನ್ನು ಕಲಿತ ಒಬ್ಬರಾದರೂ ಬಸ್ಸಿನಲ್ಲಿರಲಿ. ಲೋಳೆಮೀನು ಕುಟುಕಿದರೆ ಮರಳಿನಿಂದ ಉಜ್ಜದೆ ಸಮುದ್ರದ ನೀರಿನಿಂದಲೇ ತೊಳೆದು, ಉಸಿರಾಟಕ್ಕೆ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಖಾನಾಪುರದಿಂದ ರಾತ್ರಿ ಊಟ ಮಾಡಿ ಹೊರಟರೆ ಯಲ್ಲಾಪುರ, ಅಂಕೋಲೆ ಮೇಲೆ ಬೆಳಗಿನ ಜಾವಕ್ಕೆ ಉಡುಪಿ ಸೇರಬಹುದು. ಸ್ನಾನ, ತಿಂಡಿ ಮುಗಿಸಿ, ಬಿಸಿಲೇರುವ ಮುಂಚೆ ದಂಡೆಯಲ್ಲಿ ಹದಿನೈದು ನಿಮಿಷ ಕೂತು ನೀರು ನೋಡಿ, ಜೀವರಕ್ಷಕರು ಕೆಲಸಕ್ಕೆ ಬಂದ ಮೇಲೆ ಅವರು ತೋರಿಸಿದ ಜಾಗದಲ್ಲಿ ಒಂದು ಗಂಟೆ ನೀರಾಟ. ಆಮೇಲೆ ಬಟ್ಟೆ ಬದಲಿಸಿ, ಹಿಡಿತವಿರುವ ಅಟ್ಟೆಯ ಚಪ್ಪಲಿಯೋ ಬೂಟೋ ಹಾಕಿಕೊಂಡು, ಲೈಫ್ ಜಾಕೆಟ್ ಕಟ್ಟಿಕೊಂಡು ದ್ವೀಪದ ದೋಣಿ ಹತ್ತಿ. ಈಸಿನ ಆಸೆ ಅಷ್ಟರಲ್ಲಿ ತೀರಿರುವುದರಿಂದ ಹುಡುಗರು ಕಂಬಗಳ ಮೂಲೆ ಎಣಿಸುವುದರಲ್ಲಿ ನಿಜವಾಗಿ ಮನಸ್ಸಿಡುತ್ತಾರೆ. ನೀರು, ಟೊಪ್ಪಿಗೆ ಒಯ್ಯುವುದನ್ನು ಮರೆಯಬೇಡಿ, ತೆಂಗಿನ ನೆರಳು ಇಡೀ ಗುಂಪಿಗೆ ಸಾಲುವುದಿಲ್ಲ.